ಬಾಗಿಲ ಮೇಲೆ ಯಾರ ಹೆಸರು? ಸಿಮರಾನ್‌ನ ಸೇಂಟ್ ಜೇಮ್ಸ್ ಹೋಟೆಲ್: ಒಂದು ಪ್ರಕರಣ ಅಧ್ಯಯನ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಈಶಾನ್ಯ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 6,400 ಅಡಿ ಎತ್ತರದಲ್ಲಿ, ಸಾವಿರ ಜನವೂ ಇಲ್ಲದ ಸಿಮರಾನ್ ಎಂಬ ಊರಿದೆ. ಅಲ್ಲಿನ ಸೇಂಟ್ ಜೇಮ್ಸ್ ಹೋಟೆಲಿನ ಹಳೆಯ ಕಟ್ಟಡದಲ್ಲಿ ರೂಮು ಹಿಡಿದರೆ ನಂಬರಿನ ಜೊತೆ ಒಂದು ಹೆಸರೂ ಸಿಗುತ್ತದೆ. ಜೆಸ್ಸಿ ಜೇಮ್ಸ್, ವಯಟ್ ಅರ್ಪ್, ಬಫಲೊ ಬಿಲ್, ಆ್ಯನಿ ಓಕ್ಲಿ. ಒಬ್ಬ ದರೋಡೆಕೋರ, ಒಬ್ಬ ಪೊಲೀಸು, ಒಬ್ಬ ಪ್ರದರ್ಶನದ ಧಣಿ, ಒಬ್ಬಳು ಬಂದೂಕಿನ ಗುರಿಗಾರ್ತಿ. ವೈಲ್ಡ್ ವೆಸ್ಟ್ ಕಾಲದ, ಎಂದರೆ ಕಾನೂನಿನ ಹಿಡಿತ ಸಡಿಲವಾಗಿದ್ದ ಹತ್ತೊಂಬತ್ತನೇ ಶತಮಾನದ ಪಶ್ಚಿಮ ಅಮೆರಿಕದ, ಈ ಹೆಸರುವಾಸಿಗಳೆಲ್ಲ ಇಲ್ಲಿ ಒಂದಲ್ಲ ಒಂದು ರಾತ್ರಿ ಮಲಗೆದ್ದರು ಎನ್ನುವುದೇ ಮನೆಯ ಬಂಡವಾಳ.

ಇಂಥ ಹೋಟೆಲುಗಳು ಪಶ್ಚಿಮ ಅಮೆರಿಕದಲ್ಲಿ ಹಲವಾರಿವೆ. ಸೇಂಟ್ ಜೇಮ್ಸ್ ಅನ್ನೇ ಆರಿಸಿಕೊಳ್ಳಲು ಕಾರಣವಿದೆ. ದಾಖಲೆಯಿರುವ ಘಟನೆ, ಕಟ್ಟಡದ ಮೈಮೇಲೆ ಉಳಿದ ಗುರುತು, ಬಾಯಿಂದ ಬಾಯಿಗೆ ಬಂದ ಮಾತು, ಈ ಮೂರೂ ಇಲ್ಲಿ ಒಂದೇ ಸೂರಿನಡಿ ಬೆರೆತುಕೊಂಡಿವೆ. ಬಾಗಿಲ ಮೇಲಿನ ಹೆಸರು ಮಾತ್ರ ಮೂರನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಯಾವುದು ಯಾವುದು ಎಂದು ಬೇರ್ಪಡಿಸುವುದು ಹೇಗೆ, ಬೇರ್ಪಡಿಸಿದ ಮೇಲೆ ಆ ರೂಮುಗಳನ್ನು ಕಟ್ಟಡಕ್ಕೆ ಪೆಟ್ಟಾಗದಂತೆ ಸಜ್ಜು ಮಾಡುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಅಡುಗೆಯವನು ಕಟ್ಟಿದ ಮನೆ

ಮನೆ ಕಟ್ಟಿದವನು ಹೆನ್ರಿ ಲ್ಯಾಂಬರ್ಟ್, ಫ್ರಾನ್ಸಿನಿಂದ ಬಂದ ಅಡುಗೆಯವನು. ಅಧ್ಯಕ್ಷ ಲಿಂಕನ್‌ಗೆ ಅಡುಗೆ ಮಾಡುತ್ತಿದ್ದ ಎಂಬ ಮಾತು ಅವನ ಹೆಸರಿನ ಹಿಂದೆಯೇ ಬರುತ್ತದೆ. 1866ರಲ್ಲಿ ಸಿಮರಾನ್‌ನ ಪಶ್ಚಿಮಕ್ಕಿರುವ ಬಾಲ್ಡಿ ಬೆಟ್ಟದಲ್ಲಿ ಚಿನ್ನ ಸಿಕ್ಕಿತು, ಎಲಿಜಬೆತ್‌ಟೌನ್ ಎಂಬ ಗಣಿ ಊರು ಎದ್ದಿತು. ಲ್ಯಾಂಬರ್ಟ್ ಕೂಡ ಅಲ್ಲಿಗೆ ಹೋದ. ಚಿನ್ನಕ್ಕಿಂತ ಚಿನ್ನ ಅಗೆಯುವವರ ಹಸಿವಿನಲ್ಲೇ ಹೆಚ್ಚು ಕಾಸಿದೆ ಎಂದು ಅರಿತವನು. 1872ರಲ್ಲಿ ಸಿಮರಾನ್‌ಗೆ ಇಳಿದು ಸಲೂನ್ ತೆರೆದ. ಸಲೂನ್ ಎಂದರೆ ನಮ್ಮ ಕ್ಷೌರದಂಗಡಿಯಲ್ಲ, ಹೆಂಡ ಮತ್ತು ಇಸ್ಪೀಟಿನ ಅಂಗಡಿ. ಮಲಗುವ ಕೋಣೆಗಳ ದೊಡ್ಡ ಭಾಗ ಸೇರಿ ಹೋಟೆಲು ಪೂರ್ತಿಯಾದದ್ದು 1880ರಲ್ಲಿ. ಆಗ 43 ಕೋಣೆಗಳಿದ್ದವು ಎಂಬುದು ಮನೆಯವರ ಲೆಕ್ಕ. 1872 ಮತ್ತು 1880, ಈ ಎರಡು ಇಸವಿಗಳನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತವೆ.

ಊರು ಆಗ ಕುದಿಯುತ್ತಿತ್ತು. ಸಾಂಟಾ ಫೆ ಟ್ರೇಲ್ ಎಂಬ ಬಂಡಿ ದಾರಿಯ ಬೆಟ್ಟದ ಕವಲು ಇಲ್ಲೇ ಹಾದುಹೋಗುತ್ತಿತ್ತು. ಸುತ್ತಲಿನ ನೆಲವೆಲ್ಲ ಮ್ಯಾಕ್ಸ್‌ವೆಲ್ ಲ್ಯಾಂಡ್ ಗ್ರಾಂಟ್ ಎಂಬ ಉಂಬಳಿಯದು: 17 ಲಕ್ಷ ಎಕರೆಗೂ ಹೆಚ್ಚು. ಲೂಸಿಯನ್ ಮ್ಯಾಕ್ಸ್‌ವೆಲ್ ಅದನ್ನು 1870ರಲ್ಲಿ ಹೊರದೇಶದ ಹೂಡಿಕೆದಾರರಿಗೆ ಮಾರಿದ. ಅಲ್ಲಿಯವರೆಗೆ ಯಾರೂ ಕೇಳದೆ ಉಳುತ್ತ, ದನ ಮೇಯಿಸುತ್ತ ಇದ್ದವರನ್ನು ಹೊಸ ಕಂಪನಿ ಎಬ್ಬಿಸಲು ಹೊರಟಿತು. ಇದೇ ಕೋಲ್ಫಾಕ್ಸ್ ಕೌಂಟಿ ಯುದ್ಧ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು). 1875ರ ಸೆಪ್ಟೆಂಬರ್ 14ರಂದು ಒಕ್ಕಲುಗಳ ಪರ ನಿಂತಿದ್ದ ಪಾದ್ರಿ ಫ್ರಾಂಕ್ಲಿನ್ ಟೋಲ್ಬಿಯ ಕೊಲೆಯಾಯಿತು. ಅಕ್ಟೋಬರ್ 30ರಂದು, ಕೊಲೆಯಲ್ಲಿ ಕೈಯಿದೆ ಎಂದು ಅನುಮಾನವಿದ್ದ ಕ್ರೂಸ್ ವೇಗಾನನ್ನು ಗುಂಪು ಕಟ್ಟಿಕೊಂಡು ನೇಣಿಗೆ ಹಾಕಿದರು. ನವೆಂಬರ್ 1ರಂದು ವೇಗಾನ ನೆಂಟ ಪಾಂಚೊ ಗ್ರಿಯೇಗೊ ಮತ್ತು ಜಾನುವಾರು ಸಾಕುವ ಕ್ಲೇ ಅಲಿಸನ್ ಲ್ಯಾಂಬರ್ಟ್‌ನ ಸಲೂನಿನಲ್ಲಿ ಎದುರಾದರು. ಅಲಿಸನ್ ಗುಂಡು ಹಾರಿಸಿದ, ಗ್ರಿಯೇಗೊ ಅಲ್ಲೇ ಸತ್ತ. ಮರುವರ್ಷ ಮಾರ್ಚ್ 24ರಂದು ಅದೇ ಸಲೂನಿನಲ್ಲಿ ಸೈನ್ಯದ ಒಂಬತ್ತನೇ ಅಶ್ವದಳದ ಮೂವರು ಕಪ್ಪು ಸೈನಿಕರು ಗುಂಡಿಗೆ ಬಲಿಯಾದರು. ಕೊಂದವರಲ್ಲಿ ಡೇವಿ ಕ್ರಾಕೆಟ್ ಎಂಬುವನಿದ್ದ. ಆಲಮೊ ಕೋಟೆಯಲ್ಲಿ ಸತ್ತ ಪ್ರಸಿದ್ಧ ಕ್ರಾಕೆಟ್ ಅಲ್ಲ, ಅದೇ ಹೆಸರಿನ ಪುಂಡ.

ಇಷ್ಟೆಲ್ಲ ನಡೆದದ್ದು ಹೋಟೆಲು ಪೂರ್ತಿಯಾಗುವ ಮೊದಲೇ. ರೈಲು 1878ರ ಕೊನೆಗೆ ರಟೋನ್ ಕಣಿವೆ ದಾಟಿತು, ಸಿಮರಾನ್‌ಗೆ ಬಾರದೆ ಪೂರ್ವದ ಬಯಲಿನಲ್ಲಿ ಸ್ಪ್ರಿಂಗರ್ ಎಂಬ ಊರಿನ ಕಡೆಯಿಂದ ದಕ್ಷಿಣಕ್ಕೆ ಹೋಯಿತು, 1880ರ ಫೆಬ್ರವರಿಗೆ ಸಾಂಟಾ ಫೆ ತಲುಪಿತು. ಬಂಡಿ ದಾರಿ ಅಲ್ಲಿಗೆ ಮುಗಿಯಿತು. 1882ರಲ್ಲಿ ಕೌಂಟಿ ಕಚೇರಿಯೂ ಸ್ಪ್ರಿಂಗರ್‌ಗೆ ಎದ್ದುಹೋಯಿತು. ಅಂದರೆ ಲ್ಯಾಂಬರ್ಟ್ ದೊಡ್ಡ ಹೋಟೆಲು ಮುಗಿಸಿದ ವರ್ಷವೇ ಗಿರಾಕಿಗಳು ಬೇರೆ ದಾರಿ ಹಿಡಿದರು. ವ್ಯಾಪಾರಕ್ಕೆ ಅದು ಹೊಡೆತ, ಕಟ್ಟಡಕ್ಕೆ ಉಪಕಾರ. ಕೈಯಲ್ಲಿ ದುಡ್ಡು ಓಡಾಡುವ ಊರಿನಲ್ಲಿ ಹಳೆಯ ಹೋಟೆಲನ್ನು ಕೆಡವಿ ಹೊಸದು ಕಟ್ಟುತ್ತಾರೆ. ಸಿಮರಾನ್‌ನಲ್ಲಿ ಕೆಡವುವಷ್ಟು ದುಡ್ಡು ಯಾರಲ್ಲೂ ಇರಲಿಲ್ಲ.

ದಿನಾಂಕದ ಒರೆಗಲ್ಲು

ಅತಿಥಿಗಳ ಹೆಸರನ್ನು ಒರೆಗೆ ಹಚ್ಚಲು ದೊಡ್ಡ ವಿದ್ಯೆ ಬೇಡ. ಆ ದಿನ ಆ ವ್ಯಕ್ತಿ ಎಲ್ಲಿದ್ದ? ಆ ಕೋಣೆ ಇತ್ತೇ? ಆ ದಾರಿಯಲ್ಲಿ ಬರಬೇಕಾದ ಕೆಲಸವೇನು? ಕಾಗದವಿದೆಯೇ? ಈ ನಾಲ್ಕು ಪ್ರಶ್ನೆ ಸಾಕು.

ವಯಟ್ ಅರ್ಪ್‌ನಿಂದಲೇ ಶುರುಮಾಡೋಣ. ವಯಟ್, ತಮ್ಮ ಮಾರ್ಗನ್, ಇಬ್ಬರ ಹೆಂಡತಿಯರು ಅರಿಜೋನಾದ ಟೂಂಬ್‌ಸ್ಟೋನ್ ಊರಿಗೆ ಹೋಗುವ ದಾರಿಯಲ್ಲಿ ಮೂರು ರಾತ್ರಿ ಇಲ್ಲಿ ತಂಗಿದ್ದರು ಎನ್ನುತ್ತದೆ ಕಥೆ. ವಯಟ್ ಕ್ಯಾನ್ಸಸ್‌ನ ಡಾಜ್ ಸಿಟಿ ಬಿಟ್ಟದ್ದು 1879ರ ಸೆಪ್ಟೆಂಬರಿನಲ್ಲಿ, ಟೂಂಬ್‌ಸ್ಟೋನ್ ತಲುಪಿದ್ದು ಡಿಸೆಂಬರ್ ಹೊತ್ತಿಗೆ. ಬಂಡಿಯಲ್ಲಿ ನ್ಯೂ ಮೆಕ್ಸಿಕೊ ಹಾದುಹೋದದ್ದು ನಿಜ, ಸಿಮರಾನ್ ದಾರಿಯಲ್ಲಿ ಬರುವುದೂ ಅಸಾಧ್ಯವಲ್ಲ. ಆದರೆ ಜೊತೆಗಿದ್ದವನು ಅಣ್ಣ ಜೇಮ್ಸ್. ಮಾರ್ಗನ್ ಆಗ ಮೊಂಟಾನಾದಲ್ಲಿದ್ದ, ಟೂಂಬ್‌ಸ್ಟೋನ್‌ಗೆ ಬಂದದ್ದು 1880ರಲ್ಲಿ. ಮೇಲಿನ ಕೋಣೆಗಳು ಮುಗಿದ ಇಸವಿಯೂ 1880. ವಯಟ್ ತಂಗಿದ್ದರೆ ತಂಗಿರಬಹುದು. ತಮ್ಮನ ಜೊತೆಗಲ್ಲ. ಇವತ್ತು ಅವನ ಹೆಸರು ಹೊತ್ತ ಕೋಣೆಯಲ್ಲೇ ಎನ್ನುವುದಕ್ಕೂ ಆಧಾರ ತೆಳು.

ಬಫಲೊ ಬಿಲ್ ಮತ್ತು ಆ್ಯನಿ ಓಕ್ಲಿ ಇಲ್ಲೇ ಕೂತು ವೈಲ್ಡ್ ವೆಸ್ಟ್ ಎಂಬ ಊರೂರು ಸುತ್ತುವ ಪ್ರದರ್ಶನದ ಯೋಜನೆ ಹಾಕಿದರು ಎಂಬ ಇನ್ನೊಂದು ಕಥೆಯಿದೆ. ಇದು ಬೇಗ ಬೀಳುತ್ತದೆ. ಪ್ರದರ್ಶನ ಒಮಾಹಾದಲ್ಲಿ ಶುರುವಾದದ್ದು 1883ರ ಮೇ ತಿಂಗಳಲ್ಲಿ, ಓಕ್ಲಿ ತಂಡ ಸೇರಿದ್ದು 1885ರಲ್ಲಿ. ಶುರುವಾಗಿ ಎರಡು ವರ್ಷವಾದ ಪ್ರದರ್ಶನಕ್ಕೆ ಯೋಜನೆ ಹಾಕಲು ಬರುವುದು ಹೇಗೆ? ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಬಂದುಹೋಗಿರಬಹುದು, ಅದು ಬೇರೆ ಮಾತು.

ಜೆಸ್ಸಿ ಜೇಮ್ಸ್‌ನದು ಸ್ವಲ್ಪ ಜಾಣತನದ ಕಥೆ. ಅವನು ಆರ್.ಎಚ್. ಹೋವರ್ಡ್ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದನಂತೆ. ಹೋವರ್ಡ್ ಎಂಬ ಸುಳ್ಳು ಅಡ್ಡಹೆಸರು ಅವನು ನಿಜವಾಗಿಯೂ ಬಳಸಿದ್ದೇ. 1882ರ ಏಪ್ರಿಲ್ 3ರಂದು ಕೊಲೆಯಾದಾಗ ಅವನು ಮಿಸ್ಸೂರಿಯಲ್ಲಿ ಥಾಮಸ್ ಹೋವರ್ಡ್ ಆಗಿ ಬದುಕುತ್ತಿದ್ದ. ಹಾಗಾಗಿ ಕೇಳಿದ ತಕ್ಷಣ ಮನಸ್ಸು ಒಪ್ಪಿಬಿಡುತ್ತದೆ. ಆದರೆ ಅವನು ಸತ್ತ ವಾರದಲ್ಲೇ ಆ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆಮೇಲೆ ಹಳೆಯ ರಿಜಿಸ್ಟರಿನಲ್ಲಿ ಯಾವ ಹೋವರ್ಡ್ ಕಂಡರೂ ಅವನೇ ಜೆಸ್ಸಿ ಎನ್ನಬಹುದು. ಹೋವರ್ಡ್ ಎಂಬುದು ಆ ನಾಡಿನಲ್ಲಿ ಅಪರೂಪದ ಹೆಸರೇನಲ್ಲ.

ರಿಜಿಸ್ಟರ್ ನೋಡುವುದಕ್ಕೆ ಒಂದು ಕ್ರಮವಿದೆ. ಒಂದೇ ಸಾಲಿಗೆ ಕಣ್ಣು ನೆಡಬಾರದು. ಮೇಲಿನ ಹತ್ತು, ಕೆಳಗಿನ ಹತ್ತು ಸಾಲು ಓದಬೇಕು: ದಿನಾಂಕ ಸರಿಯಾಗಿ ಮುಂದೆ ಸಾಗುತ್ತಿದೆಯೇ, ಮಸಿ ಒಂದೇ ಬಣ್ಣದ್ದೇ, ಹೆಸರು ಎರಡು ಸಾಲಿನ ನಡುವೆ ಇರುಕಿಕೊಂಡಿದೆಯೇ. ಹಾಳೆ ಹೊಲಿಗೆಯಲ್ಲೇ ಇದೆಯೇ, ಬಿಡಿಯಾಗಿ ಅಂಟಿಸಿದ್ದೇ ಎಂದು ಬೆನ್ನಿನ ಕಡೆಯಿಂದ ನೋಡಬೇಕು. ಪ್ರಸಿದ್ಧರ ಹೆಸರನ್ನು ತಮಾಷೆಗೆ ಬರೆದಿಡುವ ಚಪಲ ಮೊಬೈಲು ಬಂದಮೇಲೆ ಹುಟ್ಟಿದ್ದಲ್ಲ. ಅದೇ ವಾರದ ಸ್ಥಳೀಯ ಪತ್ರಿಕೆಯಲ್ಲಿ ಊರಿಗೆ ಬಂದವರ ಸುದ್ದಿ ಇದ್ದರೆ ಅದು ಎರಡನೇ ಸಾಕ್ಷಿ. ಸಿಮರಾನ್‌ನಲ್ಲಿ ಇದಕ್ಕೂ ಒಂದು ತೊಡಕಿದೆ. 1876ರ ಜನವರಿಯಲ್ಲಿ ಕ್ಲೇ ಅಲಿಸನ್‌ನ ಗುಂಪು ಊರಿನ ಪತ್ರಿಕೆಯ ಮುದ್ರಣ ಯಂತ್ರವನ್ನೇ ಒಡೆದು ನದಿಗೆ ಸುರಿಯಿತು.

ಈ ಒರೆಗಲ್ಲಿನಲ್ಲಿ ಗಟ್ಟಿಯಾಗಿ ನಿಲ್ಲುವವರು ಅಲಿಸನ್, ಗ್ರಿಯೇಗೊ ಮತ್ತು ಆ ಮೂವರು ಸೈನಿಕರು. ಹೊರನಾಡಿನ ಪ್ರವಾಸಿಗೆ ಇವರಲ್ಲಿ ಯಾರ ಹೆಸರೂ ಗೊತ್ತಿರುವುದಿಲ್ಲ. ಹೆಸರಿಡುವ ವ್ಯಾಪಾರದ ಮೂಲ ತೊಡಕೇ ಇದು. ಆಧಾರ ಹೆಚ್ಚಿರುವ ಹೆಸರಿಗೆ ಗಿರಾಕಿ ಕಡಿಮೆ, ಗಿರಾಕಿ ಹೆಚ್ಚಿರುವ ಹೆಸರಿಗೆ ಆಧಾರ ಕಡಿಮೆ.

ಕಟ್ಟಿಸಿದವನೇ ಪ್ರಸಿದ್ಧನಾಗಿದ್ದರೂ ಈ ರೋಗ ಬಿಡದು. ವಯೋಮಿಂಗ್‌ನ ಕೋಡಿ ಊರಿನಲ್ಲಿ ಇರ್ಮಾ ಹೋಟೆಲನ್ನು ಬಫಲೊ ಬಿಲ್ ಸ್ವತಃ ಕಟ್ಟಿಸಿ, ಮಗಳ ಹೆಸರಿಟ್ಟು, 1902ರ ನವೆಂಬರಿನಲ್ಲಿ ತೆರೆದ. ತನಗೇ ಎಂದು ಕೋಣೆಗಳನ್ನೂ ಇಟ್ಟುಕೊಂಡಿದ್ದ. ಅಲ್ಲಿ ಅವನ ಹೆಸರಿಗೆ ಯಾರೂ ತಕರಾರು ತೆಗೆಯುವಂತಿಲ್ಲ. ಆದರೂ ಅಲ್ಲಿನ ಚೆರ್ರಿ ಮರದ ಬಾರ್ ಕಟ್ಟೆ ವಿಕ್ಟೋರಿಯಾ ರಾಣಿ ಕೊಟ್ಟ ಉಡುಗೊರೆ ಎಂಬ ಕಥೆ ಸೇರಿಕೊಂಡಿದೆ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ.

ತಗಡಿನ ಸೂರು

ಸೇಂಟ್ ಜೇಮ್ಸ್‌ನಲ್ಲಿ ಮಾತಿಗಿಂತ ಗಟ್ಟಿಯಾದದ್ದು ಊಟದ ಕೋಣೆಯ ಸೂರು, ಎಂದರೆ ಸೀಲಿಂಗ್. ಹಳೆಯ ಸಲೂನ್ ಇದೇ. ಅಚ್ಚೊತ್ತಿದ ತಗಡಿನ ಸೂರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಂಡಿನ ತೂತುಗಳನ್ನು ಈಗಲೂ ಎಣಿಸಬಹುದು. 1901ರಲ್ಲಿ ಲ್ಯಾಂಬರ್ಟ್‌ನ ಮಕ್ಕಳು ಛಾವಣಿ ಬದಲಿಸುವಾಗ 400ಕ್ಕೂ ಹೆಚ್ಚು ತೂತು ಸಿಕ್ಕವು, ಎರಡು ಪದರ ಗಟ್ಟಿ ಮರದ ಹಲಗೆ ಇದ್ದದ್ದರಿಂದ ಮೇಲೆ ಮಲಗಿದವರು ಬದುಕಿದರು ಎನ್ನುತ್ತಾರೆ. ಇಲ್ಲಿ 26 ಜನ ಸತ್ತರು ಎಂಬ ಸಂಖ್ಯೆಯೂ ಇದರ ಜೊತೆಗೇ ಓಡಾಡುತ್ತದೆ.

ತೂತು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಮುಖ್ಯ. ತಗಡಿನ ಅಂಚು ಮೇಲಕ್ಕೆ ಬಾಗಿದ್ದರೆ ಗುಂಡು ಕೆಳಗಿನಿಂದ ಬಂದದ್ದು. ಬಣ್ಣದ ಪದರ ಅಂಚಿನ ಮೇಲೆ ಹರಿದು ಒಳಕ್ಕೆ ಇಳಿದಿದ್ದರೆ ತೂತು ಆ ಬಣ್ಣಕ್ಕಿಂತ ಹಳೆಯದು. ಬಣ್ಣ ಕಿತ್ತುಹೋಗಿ ಬರಿ ಲೋಹ ಕಾಣುತ್ತಿದ್ದರೆ ಹೊಸದು. ಎಷ್ಟೇ ನೋಡಿದರೂ ಹಾರಿಸಿದವನು ಯಾರೆಂದು ತಗಡು ಹೇಳದು. ಹಾಗಾಗಿ ಸೂರಿನ ತೂತನ್ನು ತೋರಿಸಿ ಜೆಸ್ಸಿಯ ಹೆಸರು ಹೇಳುವ ಗೈಡು ಎರಡು ಬೇರೆ ಸಾಕ್ಷ್ಯಗಳಿಗೆ ಗಂಟು ಹಾಕುತ್ತಿದ್ದಾನೆ.

ಇಂಥ ಸೂರನ್ನು ಕಾಪಾಡುವ ಕೆಲಸ ಸೂಕ್ಷ್ಮ. ತಗಡು ಎಂದು ಕರೆದರೂ ಅದು ಸುಮಾರು 0.3 ಮಿ.ಮೀ. ದಪ್ಪದ ಉಕ್ಕಿನ ಹಾಳೆ, ಮೇಲೆ ತವರದ ಲೇಪ. ಗುಂಡು ಹೊಕ್ಕಲ್ಲಿ ಲೇಪ ಕಿತ್ತಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಪ್ರತಿ ತೂತಿಗೂ ನಂಬರು ಕೊಟ್ಟು, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಅಂಚಿಗೆ ಪಾರದರ್ಶಕ ಲೇಪ ತೆಳುವಾಗಿ ಹಚ್ಚಬೇಕು. ಪುಟ್ಟಿ ತುಂಬಬಾರದು. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಲೇಬಾರದು. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣಕ್ಕೆ ತಡೆ ಬಂದದ್ದು 1978ರಲ್ಲಿ, ಅದಕ್ಕೂ ಹಿಂದಿನ ಪದರಗಳ ದೂಳಿನಲ್ಲಿ ಸೀಸ ಇದ್ದೇ ಇರುತ್ತದೆ ಎಂದುಕೊಂಡೇ ಕೆಲಸ ಮಾಡಬೇಕು. ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಹಾಕುವಾಗ ಸೂರಿನ ನಡುವೆ ಕೊರೆಯದೆ ಪಕ್ಕದ ಗೋಡೆಯಿಂದ ಚಿಮ್ಮುವ ಬಗೆಯದನ್ನು ಆರಿಸಿದರೆ ಗುಂಡಿನ ತೂತುಗಳ ನಡುವೆ ಪ್ಲಂಬರನ ತೂತುಗಳು ಸೇರುವುದು ತಪ್ಪುತ್ತದೆ.

ಹೆಸರಿಗೆ ತಕ್ಕ ರೂಮು ಮಾಡುವುದು

ಸಿಮರಾನ್ ಐತಿಹಾಸಿಕ ಪ್ರದೇಶ 1973ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು, ಹೋಟೆಲು ಅದರೊಳಗೇ ಇದೆ. ಇಂಥ ವ್ಯಾಪಾರಿ ಕಟ್ಟಡದ ದುರಸ್ತಿಗೆ ಖರ್ಚಿನ 20% ಕೇಂದ್ರ ತೆರಿಗೆ ರಿಯಾಯಿತಿ ಸಿಗಬಹುದು. ಕೆಲಸ ಮಾತ್ರ ಕೇಂದ್ರದ ಇಂಟೀರಿಯರ್ ಇಲಾಖೆಯ ಪುನರುಜ್ಜೀವನ ಮಾನದಂಡಗಳಿಗೆ ಒಪ್ಪಬೇಕು. ಹತ್ತು ಮಾನದಂಡಗಳಲ್ಲಿ ಮೂರನೆಯದು ಥೀಮ್ ರೂಮಿನವರನ್ನೇ ಕಣ್ಣಮುಂದೆ ಇಟ್ಟುಕೊಂಡು ಬರೆದಂತಿದೆ: ಊಹೆಯಿಂದ ಭಾಗಗಳನ್ನು ಸೇರಿಸಿಯೋ ಬೇರೆ ಕಟ್ಟಡದ ಭಾಗಗಳನ್ನು ತಂದಿಟ್ಟೋ ಇಲ್ಲದ ಇತಿಹಾಸದ ಭ್ರಮೆ ಹುಟ್ಟಿಸಬಾರದು. ಅಂದರೆ ಅರ್ಪ್‌ನ ರೂಮಿಗೆ ಜೈಲಿನ ಸರಳಿನ ಬಾಗಿಲು, ಓಕ್ಲಿಯ ರೂಮಿಗೆ ಮರದ ದಿಮ್ಮಿಯ ಗೋಡೆ ಕೂಡದು. ಹೊಸದಾಗಿ ಸೇರಿಸಿದ್ದನ್ನು ನಾಳೆ ತೆಗೆದರೂ ಹಳೆಯದು ಹಾಗೇ ಉಳಿಯಬೇಕು ಎನ್ನುತ್ತದೆ ಹತ್ತನೆಯದು.

ಪರಿಣಾಮ ಸರಳ: ಹೆಸರಿನ ಕಥೆಯನ್ನೆಲ್ಲ ಎತ್ತಿ ಹೊರಗಿಡಬಹುದಾದ ಸಾಮಾನಿನಲ್ಲೇ ಹೇಳಬೇಕು. ಮಂಚ, ದೀಪ, ಚಿತ್ರ, ಹೊದಿಕೆ, ಮೇಜಿನ ಮೇಲಿನ ಕಾರ್ಡು. ಚಿತ್ರಗಳಿಗೆ ಗೋಡೆಗೆ ಮೊಳೆ ಹೊಡೆಯದೆ, ಸೂರಿನ ಕೆಳಗೆ ಹಾದುಹೋಗುವ ಮರದ ಪಟ್ಟಿಗೆ ಕೊಕ್ಕೆ ಸಿಕ್ಕಿಸಿ ತಂತಿಯಲ್ಲಿ ಇಳಿಬಿಡುವುದು ಆ ಕಾಲದ ಪದ್ಧತಿಯೂ ಹೌದು, ಈಗಿನ ಅನುಕೂಲವೂ ಹೌದು.

ಮಂಚದ್ದು ದಿನನಿತ್ಯದ ತಕರಾರು. ಆ ಕಾಲದ ಜೋಡಿ ಮಂಚ ಹೆಚ್ಚೆಂದರೆ 54 ಇಂಚು ಅಗಲ, 75 ಇಂಚು ಉದ್ದ. ಇವತ್ತಿನ ಅತಿಥಿ 60ಕ್ಕೆ 80 ಇಂಚಿನ ಕ್ವೀನ್ ಹಾಸಿಗೆ ಕೇಳುತ್ತಾನೆ. ಹಳೆಯ ತಲೆಹಲಗೆ, ಕಾಲುಹಲಗೆ ಇಟ್ಟುಕೊಂಡು ನಡುವೆ ಅಗಲ-ಉದ್ದ ಹೆಚ್ಚಿಸುವ ಉಕ್ಕಿನ ಅಡ್ಡಪಟ್ಟಿ ಜೋಡಿಸಬಹುದು, ಕಂಬಗಳನ್ನು ಕುಯ್ಯಬೇಕಿಲ್ಲ. ಮೊದಲು ಕೋಣೆ ಅಳೆಯಬೇಕು: ಹಾಸಿಗೆಯ ಎರಡು ಬದಿ ನಡೆಯಲು ಜಾಗ ಉಳಿಯದಿದ್ದರೆ ಚಿಕ್ಕ ಮಂಚವನ್ನೇ ಇಟ್ಟು, ಬುಕ್ಕಿಂಗ್ ಹೊತ್ತಿನಲ್ಲೇ ಅಳತೆ ಹೇಳಿಬಿಡುವುದು ಮೇಲು.

ಬಚ್ಚಲು ಅದಕ್ಕಿಂತ ಕಷ್ಟ. ಹಂಚಿಕೊಂಡು ಬಳಸುವ ಬಚ್ಚಲಿಗೆ ಕಟ್ಟಿದ ಮನೆಯಲ್ಲಿ ಪ್ರತಿ ರೂಮಿನ ಮೂಲೆಗೂ ಒಂದೊಂದು ತುರುಕಿದರೆ ಕೋಣೆಯ ಆಕಾರವೇ ಕೆಡುತ್ತದೆ, ನೀರಿನ ಪೈಪು ಹತ್ತು ಕಡೆ ಮರದ ತೊಲೆ ಕೊರೆಯುತ್ತದೆ. ಎರಡು ಕೋಣೆಯ ನಡುವಿನ ಚಿಕ್ಕ ಕೋಣೆಯನ್ನು ಎರಡು ಬಚ್ಚಲಾಗಿ ಸೀಳಿ, ಮೇಲಿನದೂ ಕೆಳಗಿನದೂ ಒಂದೇ ಕೊಳವೆಗೆ ಬರುವಂತೆ ಜೋಡಿಸುವುದು ಸರಿದಾರಿ. ರೂಮುಗಳ ಸಂಖ್ಯೆ ಇಳಿಯುತ್ತದೆ, ಇಳಿಯಲಿ. ಸೇಂಟ್ ಜೇಮ್ಸ್‌ನ ಹಳೆಯ ಭಾಗದಲ್ಲಿ ಈಗ ಇರುವುದು ಒಂದು ಡಜನ್ ಆಸುಪಾಸು ರೂಮುಗಳು, ಟಿವಿ ಇಲ್ಲ. ಟಿವಿ ಬೇಕೆನ್ನುವವರಿಗೆ ಪಕ್ಕದಲ್ಲಿ ಹೊಸ ಭಾಗವಿದೆ. ಈ ವಿಂಗಡಣೆ ಜಾಣತನದ್ದು. ಹಳೆಯ ಕಟ್ಟಡದ ಮೇಲೆ ಹೊಸ ಬೇಡಿಕೆಗಳ ಭಾರ ಬೀಳುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಅಲಂಕಾರಕ್ಕೆ ಬೈಸನ್, ಎಲ್ಕ್ ತಲೆಗಳನ್ನು ತೂಗುಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹಳೆಯ ಕಾಲದ ಒಣತಲೆಗಳಿಗೆ ಹುಳು ಹಿಡಿಯದಿರಲೆಂದು ಪಾಷಾಣ (ಆರ್ಸೆನಿಕ್ ವಿಷ) ಸವರುತ್ತಿದ್ದರು. ಅಂಥವನ್ನು ಪರೀಕ್ಷೆ ಮಾಡಿಸದೆ ಹಾಸಿಗೆಯ ಮೇಲೆ ತೂಗುಹಾಕಬಾರದು, ಗರಿಯ ಪೊರಕೆಯಿಂದ ದೂಳು ಹೊಡೆಯಬಾರದು. ಬಂದೂಕು ಇಡುವುದಾದರೆ ಕೆಲಸಕ್ಕೆ ಬಾರದಂತೆ ಮಾಡಿದ್ದನ್ನು ಇಡಬೇಕು, ಗಾಜಿನ ಹಿಂದೆ.

ಮಣ್ಣಿನ ಗೋಡೆ, ಸಿಮೆಂಟಿನ ಅಂಗಿ

ಹೋಟೆಲಿನ ಗೋಡೆ ಅಡೋಬಿ, ಎಂದರೆ ಮಣ್ಣು, ಮರಳು, ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಒಣಗಿರುವಷ್ಟು ದಿನ ಭಾರ ಹೊರುತ್ತದೆ, ಹಗಲಿನ ಬಿಸಿಯನ್ನು ತಡೆದು ರಾತ್ರಿಗೆ ಬಿಡುತ್ತದೆ. ನೆನೆದರೆ ಮತ್ತೆ ಮಣ್ಣೇ.

ಇಪ್ಪತ್ತನೆಯ ಶತಮಾನದಲ್ಲಿ ನೈಋತ್ಯ ಅಮೆರಿಕದ ಇಂಥ ಸಾವಿರಾರು ಗೋಡೆಗಳಿಗೆ ಸಿಮೆಂಟು ಗಿಲಾವು ಬಿತ್ತು. ಸಿಮೆಂಟು ಮಣ್ಣಿಗೆ ಅಂಟದು. ತಂತಿಬಲೆ ಹೊಡೆದು ಅದರ ಮೇಲೆ ಬಳಿಯುತ್ತಾರೆ. ಬಿಸಿಲಿಗೆ, ಚಳಿಗೆ ಎರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಕೂದಲೆಳೆಯ ಬಿರುಕು ಬೀಳುತ್ತದೆ. ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ತಳಪಾಯದಿಂದ ಏರಿದ ತೇವವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. 6,400 ಅಡಿ ಎತ್ತರದ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕರಗಿ, ಹೆಪ್ಪುಗಟ್ಟಿ ಕರಗಿ, ಗೋಡೆಯ ಬುಡವನ್ನು ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಗಿಲಾವು ನುಣ್ಣಗೆ ಚೆನ್ನಾಗಿಯೇ ಇರುತ್ತದೆ. ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಬುಡದಲ್ಲಿ ಉಬ್ಬಿದ್ದರೆ, ಬಿಳಿ ಉಪ್ಪು ಒಡೆದಿದ್ದರೆ ಒಳಗೆ ಕೆಲಸ ಕೆಟ್ಟಿದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಣ್ಣಿನ ಮನೆಗಳನ್ನು ಹೋಂಸ್ಟೇ ಮಾಡುವಾಗ ನಡೆಯುತ್ತಿರುವುದೂ ಇದೇ ತಪ್ಪು.

ರಿಪೇರಿಗೆ ಅವಸರ ಕೂಡದು. ಸಿಮೆಂಟನ್ನು ಒಮ್ಮೆಗೇ ಕಿತ್ತರೆ ಒಳಗೆ ನೆನೆದ ಗೋಡೆ ಕುಸಿಯಬಹುದು. ಆಸರೆ ಕೊಟ್ಟು, ತುಂಡು ತುಂಡಾಗಿ ಬಿಡಿಸಿ, ಒಣಗಲು ಬಿಡಬೇಕು. ನಂತರ ಅದೇ ಬಗೆಯ ಮಣ್ಣಿನ ಇಟ್ಟಿಗೆಯಿಂದ ಹೊಲಿದು, ಮಣ್ಣು ಅಥವಾ ಸುಣ್ಣದ ಗಾರೆ ಬಳಿಯಬೇಕು. ಇದಕ್ಕೂ ಮೊದಲು ನೀರಿನ ಮೂಲ ಸರಿಯಾಗಬೇಕು: ಮಾಡಿನ ದೋಣಿ, ಗೋಡೆಯಿಂದ ಆಚೆಗೆ ಇಳಿಜಾರಾದ ನೆಲ, ಬುಡಕ್ಕೆ ಒತ್ತಿಕೊಂಡ ಹೂವಿನ ಪಾತಿ ತೆಗೆಯುವುದು. ಥೀಮಿಗೆಂದು ಒಳಗೋಡೆಗೆ ಪ್ಲಾಸ್ಟಿಕ್ ಹೊದಿಕೆಯ ವಾಲ್‌ಪೇಪರ್ ಅಂಟಿಸುವುದು ಸಿಮೆಂಟಿನ ತಪ್ಪನ್ನೇ ಒಳಗಡೆ ಮಾಡಿದಂತೆ. ಹಿಂದೆ ಬೂಷ್ಟು ಕಟ್ಟುತ್ತದೆ, ರೂಮು ಹಳಸಲು ವಾಸನೆ ಹೊಡೆಯುತ್ತದೆ. ಕಾಗದದ್ದೇ ವಾಲ್‌ಪೇಪರ್, ಗಂಜಿಯ ಅಂಟು ಆದರೆ ತೊಂದರೆಯಿಲ್ಲ.

18ನೇ ನಂಬರು

ಒಂದು ರೂಮನ್ನು ಬಾಡಿಗೆಗೆ ಕೊಡುವುದಿಲ್ಲ. ಇಸ್ಪೀಟಿನಲ್ಲಿ ಹೋಟೆಲನ್ನೇ ಗೆದ್ದು, ರೂಮಿಗೆ ಹೋಗುವಾಗ ಬೆನ್ನಿಗೆ ಗುಂಡು ತಿಂದ ಟಿ.ಜೆ. ರೈಟ್‌ನ ದೆವ್ವ 18ನೇ ನಂಬರಿನಲ್ಲಿದೆ ಎಂದು ಬೀಗ ಹಾಕಿಟ್ಟಿದ್ದಾರೆ. ಹನ್ನೆರಡು–ಹದಿಮೂರು ರೂಮಿನ ಮನೆಯಲ್ಲಿ ಒಂದನ್ನು ಮುಚ್ಚಿದರೆ ಆದಾಯದ ಸುಮಾರು 8% ಬಿಟ್ಟುಕೊಟ್ಟಂತೆ. ಆದರೂ ಈ ಹೋಟೆಲಿನ ಬಗ್ಗೆ ಬರೆದವರಲ್ಲಿ ಆ ಬೀಗದ ಸುದ್ದಿ ಬಿಟ್ಟವರು ವಿರಳ. ಪಕ್ಕದ ಫಿಲ್ಮಾಂಟ್ ಸ್ಕೌಟ್ ರಾಂಚಿಗೆ ಪ್ರತಿ ಬೇಸಿಗೆ ಸಾವಿರಾರು ಹುಡುಗ ಹುಡುಗಿಯರು ಬರುತ್ತಾರೆ. ಅವರ ಬಾಯಲ್ಲಿ ಊರೂರಿಗೆ ಹೋಗುವುದು ಈ ಬೀಗದ ಕಥೆಯೇ. ಜಾಹೀರಾತಿನ ಖರ್ಚು ಎಂದುಕೊಂಡರೆ ದುಬಾರಿಯೇನಲ್ಲ.

ಮುಚ್ಚಿದ ರೂಮಿನ ಅಪಾಯ ಬೇರೆ. ಬೀಗ ಬಿದ್ದಲ್ಲಿ ಸೋರಿಕೆ ತಿಂಗಳುಗಟ್ಟಲೆ ಕಾಣುವುದಿಲ್ಲ, ಚಳಿಗಾಲದಲ್ಲಿ ಬಿಸಿ ಇಲ್ಲದೆ ಪಕ್ಕದ ಬಚ್ಚಲಿನ ಪೈಪು ಒಡೆಯುತ್ತದೆ, ಇಲಿ ವೈರು ಕಡಿಯುತ್ತದೆ. ತಿಂಗಳಿಗೊಮ್ಮೆ ಟಾರ್ಚು ಹಿಡಿದು ಒಳಗೆ ಹೋಗಿ ಸೂರು, ಕಿಟಕಿಯ ಕೆಳಹಲಗೆ, ಗೋಡೆಯ ಬುಡ ಮುಟ್ಟಿ ನೋಡಬೇಕು. ಹೊಗೆ ಪತ್ತೆ ಯಂತ್ರ ಅಲ್ಲೂ ಇರಬೇಕು, ಉಳಿದ ರೂಮುಗಳ ಜೊತೆ ಅದರ ಬ್ಯಾಟರಿಯನ್ನೂ ಬದಲಿಸಬೇಕು.

ಇನ್ನು ಉಳಿದ ರೂಮುಗಳ ಕಾರ್ಡು. ಪ್ರತಿ ಕಾರ್ಡಿನಲ್ಲೂ ನಾಲ್ಕೈದು ಸಾಲು, ಕೊನೆಗೆ ಆಧಾರದ ಒಂದು ಸಾಲು ಇದ್ದರೆ ಸಾಕು. ಅರ್ಪ್‌ನದಕ್ಕೆ: 1879ರಲ್ಲಿ ಈ ದಾರಿಯಾಗಿ ಹೋಗಿರಬಹುದು, ಇಲ್ಲಿ ತಂಗಿದ್ದನೆಂಬುದು ಮನೆಯ ಮಾತು. ಅಲಿಸನ್‌ನದಕ್ಕೆ: 1875ರ ನವೆಂಬರ್ 1ರ ರಾತ್ರಿ ಕೆಳಗಿನ ಸಲೂನಿನಲ್ಲಿದ್ದದ್ದು ಖಚಿತ. ಓಕ್ಲಿಯದನ್ನು ಬರೆಯುವಾಗ ಪ್ರದರ್ಶನದ ಯೋಜನೆಯ ಮಾತು ಬಿಟ್ಟುಬಿಡಬೇಕು. ಊಟದ ಕೋಣೆಯ ಸೂರಿನ ಕೆಳಗೆ ಒಂಬತ್ತನೇ ಅಶ್ವದಳದ ಮೂವರ ಹೆಸರು, 1876ರ ಮಾರ್ಚ್ 24 ಎಂಬ ದಿನಾಂಕ ಇರಬೇಕು. ಆ ಕಾರ್ಡಿಗೆ ಆಧಾರದ ಸಾಲು ಬರೆಯುವುದು ಎಲ್ಲಕ್ಕಿಂತ ಸುಲಭ.